ಸೊಸೆಯ ಹತಾರಗಳು

ಯಾವ ಕಸುಬಾದರೂ ಸರಿ, ಅದರ ಒಳಗುಟ್ಟು ತಿಳಿಯಬೇಕಾದರೆ ಅದನ್ನು ಮಾಡುವವರ ಹತಾರಗಳನ್ನು ನೋಡಬೇಕು. ನಮ್ಮ ತೋಟಕ್ಕೆ ಮರಗಸಿ ಮಾಡಲು ಬರುವವನು ಕತ್ತಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿಕೊಂಡಿರುತ್ತಾನೆ. ಮಳೆಯಲ್ಲಿ ಕೈ ಜಾರಬಾರದು ನೋಡಿ. ಕಾಫಿ ಹಣ್ಣು ಕುಯ್ಯುವ ಹೆಂಗಸರು ಸೊಂಟಕ್ಕೆ ಕಟ್ಟುವ ಚೀಲವನ್ನು ತಮ್ಮ ತಮ್ಮ ಮೈಯಳತೆಗೆ ತಾವೇ ಹೊಲಿದುಕೊಂಡಿರುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಪಾಠ ಹೇಳುತ್ತಿರುವ ನನ್ನ ಕೈಚೀಲದಲ್ಲೂ ಎರಡು ಕೆಂಪು ಪೆನ್ನು, ಒಂದೆರಡು ತುಂಡು ಸೀಮೆಸುಣ್ಣ, ಗಂಟಲಿಗೆಂದು ಒಂದು ಚೂರು ಒಣಶುಂಠಿ ಯಾವಾಗಲೂ ಇರುತ್ತವೆ. ಆದರೆ ಸಾಫ್ಟ್‌ವೇರಿನವರ ಹತಾರ ಯಾವುದು ಎಂದು ಯಾರಾದರೂ ಕೇಳಿದರೆ ‘ಕಂಪ್ಯೂಟರ್’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ರೈತನ ಹತಾರ ಭೂಮಿ ಎಂದ ಹಾಗೆ ಅದು. ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ.

ನಮ್ಮ ಮಗ ಮತ್ತು ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಈ ಕಸುಬಿನವರೇ. ಬೇರೆ ಬೇರೆ ಕಂಪನಿ, ಹೆಚ್ಚುಕಡಿಮೆ ಒಂದೇ ಸಂಬಳ. 2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಳ್ಳುವ ಮುಂಚೆ, ಬಾಳುಪೇಟೆಗೂ ಸಕಲೇಶಪುರಕ್ಕೂ ನಡುವೆ ಇರುವ ನಮ್ಮ ಮನೆಗೆ ಬಂದು ಸೇರಿದರು. ಕಾರಿನಿಂದ ಇಳಿದ ಸಾಮಾನಿನಲ್ಲಿ ಬಟ್ಟೆಬರೆಗಿಂತ ವೈರುಗಳೇ ಜಾಸ್ತಿ. ಎರಡು ಲ್ಯಾಪ್‌ಟಾಪು, ಎರಡು ಅಗಲವಾದ ಸ್ಕ್ರೀನು, ಬಿಡಿ ಕೀಬೋರ್ಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಎರಡು, ಒಂದು ಪುಟ್ಟ ಕ್ಯಾಮೆರಾ. ಮನೆಯಲ್ಲಿ ಎಲ್ಲರೂ ಅಜ್ಜಿ ಎನ್ನುವ ನಮ್ಮತ್ತೆಗೆ ಎಂಬತ್ತಮೂರು ವರ್ಷ. ಅವರು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡಿ, “ಮನೇಲಿ ಒಂದು ಟೀವಿ ಇತ್ತಲ್ಲ ಮಗ, ಇನ್ನೆರಡು ಯಾಕೆ?” ಎಂದರು.

ಯಾಕೆ ಎಂಬುದನ್ನು ಸೊಸೆ ನನಗೆ ಹೇಳಿಕೊಟ್ಟಳು. ಒಂದು ಸ್ಕ್ರೀನಿನಲ್ಲಿ ಬರೆಯುವುದು, ಇನ್ನೊಂದರಲ್ಲಿ ಬರೆದದ್ದು ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವುದು. ಅಷ್ಟೇ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಎಡಗಡೆ ಸರಿಯುತ್ತರದ ಹಾಳೆ, ಬಲಗಡೆ ಮಕ್ಕಳ ಪತ್ರಿಕೆ ಇಟ್ಟುಕೊಳ್ಳುವ ನನಗೆ ಅದು ಸುಲಭವಾಗಿ ಅರ್ಥವಾಯಿತು.

ಬೆಂಗಳೂರಿನ ಹತಾರಗಳ ಜೊತೆಗೆ ಮಲೆನಾಡಿನ ಹತಾರಗಳೂ ಒಂದೊಂದಾಗಿ ಬಂದು ಸೇರಿದವು. ಆರ್ದ್ರಾ ಮಳೆ ಹಿಡಿದರೆ ನಮ್ಮಲ್ಲಿ ಎರಡು ದಿನ ಕರೆಂಟು ಇಲ್ಲದಿರುವುದು ಸುದ್ದಿಯೇ ಅಲ್ಲ. ಹಾಗಾಗಿ ದೊಡ್ಡ ಬ್ಯಾಟರಿಯ ಯುಪಿಎಸ್ ಬಂತು. ನೆಟ್‌ವರ್ಕು ಸಿಗುವ ಒಂದೇ ಜಾಗ ಅಟ್ಟದ ಕಿಟಕಿಯಾದ್ದರಿಂದ ಅಲ್ಲೊಂದು ಸ್ಟ್ಯಾಂಡು ಬಂತು. ಕೊನೆಗೆ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ವೈರು ಬಂದು ನಡುಮನೆಯ ಗೋಡೆಯ ಮೇಲೆ ಮಿಣಿಮಿಣಿ ಎನ್ನುವ ಪೆಟ್ಟಿಗೆಯೊಂದು ಕುಳಿತಿತು. ಅದರ ದೀಪ ಹಸಿರಾಗಿದ್ದರೆ ಲೋಕ ಕ್ಷೇಮ, ಕೆಂಪಾದರೆ ಎಲ್ಲೋ ಮರ ಬಿದ್ದಿದೆ ಎಂದು ಅರ್ಥ. ಅಜ್ಜಿ ಇದನ್ನು ಎರಡೇ ದಿನದಲ್ಲಿ ಕಲಿತರು. “ದೀಪ ಕೆಂಪಾಯ್ತು ಕಣ್ರೋ!” ಎಂದು ಅವರು ಕೂಗಿದರೆ ಮಹಡಿಯಿಂದ ಮಗ, ಊಟದ ಮೇಜಿನಿಂದ ಸೊಸೆ ಇಬ್ಬರೂ ಎದ್ದು ಬರುತ್ತಿದ್ದರು.

ಇಬ್ಬರ ಜಾಗವನ್ನೂ ಹೇಳಿದೆನಲ್ಲ, ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮಹಡಿಯ ಮೇಲೆ ಮೇಜಿರುವ ಕೋಣೆ ಒಂದೇ ಇತ್ತು. ಅದು ಮಗ ಓದಿದ ಕೋಣೆ. ಅಭ್ಯಾಸಬಲದಿಂದ ಅವನು ಅಲ್ಲಿಗೇ ಹೋದ. ಸೊಸೆಗೆ ಊಟದ ಮೇಜು ಸಿಕ್ಕಿತು.

ಸೊಸೆಯ ಹತಾರಗಳಲ್ಲಿ ನನಗೆ ಮೊದಲು ಇಷ್ಟವಾದದ್ದು ಅವಳ ಕೀಬೋರ್ಡು. ಒಂದೊಂದು ಗುಂಡಿಯ ಕೆಳಗೂ ಒಂದೊಂದು ಸ್ಪ್ರಿಂಗು. ಒತ್ತಿದರೆ ತಗಡಿನ ಮೇಲೆ ಮೊದಲ ಮಳೆ ಹನಿ ಬಿದ್ದ ಹಾಗೆ ಸದ್ದು. “ಇಷ್ಟು ದುಡ್ಡು ಕೊಟ್ಟು ಸದ್ದು ಕೊಂಡುಕೊಂಡ್ಯಾ?” ಎಂದು ಇವರು ನಕ್ಕರು. ದಿನಕ್ಕೆ ಎಂಟು ಗಂಟೆ ಬಡಿಯುವ ಬೆರಳಿಗೆ ಗುಂಡಿ ಎಲ್ಲಿಯವರೆಗೆ ಇಳಿಯಿತು ಎಂದು ತಿಳಿದರೆ ನೋವು ಕಡಿಮೆಯಂತೆ. ಕತ್ತಿಗೆ ಸುತ್ತಿದ ಟ್ಯೂಬು ನೆನಪಾಯಿತು.

ಆ ಕೀಬೋರ್ಡಿನ ಅಕ್ಷರಗಳ ಜೋಡಣೆ 1870ರ ದಶಕದಲ್ಲಿ ಅಮೆರಿಕದ ಟೈಪ್‌ರೈಟರಿಗೆಂದು ಮಾಡಿದ್ದು. ಇಂಗ್ಲಿಷಿನ ಆ ಇಪ್ಪತ್ತಾರು ಗುಂಡಿಗಳಲ್ಲೇ ನಮ್ಮ ಅಕ್ಷರಮಾಲೆಯನ್ನೆಲ್ಲ, ಒತ್ತಕ್ಷರದ ಸಮೇತ ಹಿಡಿಸಿದವರು ಕೆ.ಪಿ. ರಾವ್ ಅವರು. ಕಿನ್ನಿಕಂಬಳ ಪದ್ಮನಾಭ ರಾವ್ ಎಂದು ಅವರ ಪೂರ್ಣ ಹೆಸರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ನಾನು ಪ್ರಶ್ನೆಪತ್ರಿಕೆ ಟೈಪು ಮಾಡುವುದು ಆ ಜೋಡಣೆಯಲ್ಲೇ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಅಮೆರಿಕದಲ್ಲಿದ್ದ ಕನ್ನಡದ ಮಕ್ಕಳು ತಾಯಿತಂದೆಗೆ ಕನ್ನಡದಲ್ಲಿ ಕಾಗದ ಬರೆಯುವ ಹಾಗಾಯಿತು. ನಮ್ಮ ನೆರೆಯ ತಾಲೂಕು ಮೂಡಿಗೆರೆಯ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ಕಂಪ್ಯೂಟರಿನೊಳಗೆ ಸರಿಯಾಗಿ ಹೋಗದಿದ್ದರೆ ಮುಂದೆ ಉಳಿಗಾಲವಿಲ್ಲ ಎಂದು ತಮ್ಮ ಕೊನೆಯ ವರ್ಷಗಳಲ್ಲಿ ತಲೆ ಕೆಡಿಸಿಕೊಂಡಿದ್ದರು. ಅವರು 2007ರಲ್ಲಿ ತೀರಿಕೊಂಡರು. ಕಾಫಿ ಗಿಡದ ನಡುವೆ ಕಂಪ್ಯೂಟರಿನ ಚಿಂತೆ ನಮ್ಮ ಸೀಮೆಗೆ ಹೊಸದೇನಲ್ಲ ಎಂದು ಇವರಿಗೆ ಹೇಳಿದೆ.

ಸೊಸೆ ನನಗೆ ಗುಂಡಿಗಳ ಕೆಲವು ಕೈಚಳಕಗಳನ್ನೂ ಕಲಿಸಿದಳು. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ನೂರಿಪ್ಪತ್ತು ಮಕ್ಕಳ ಪಟ್ಟಿಯಲ್ಲಿ ಬೇಕಾದ ಹೆಸರು ಕಣ್ಣೆದುರಿಗೆ ಬರುತ್ತದೆ. ಕಂಟ್ರೋಲ್ ಮತ್ತು ಜೆಡ್ ಒತ್ತಿದರೆ ಈಗ ತಾನೇ ಮಾಡಿದ್ದು ಮಾಡದ ಹಾಗೆ ಆಗುತ್ತದೆ. ಇಂಥದ್ದೊಂದು ಗುಂಡಿ ಅಡುಗೆಮನೆಯಲ್ಲೂ ಇದ್ದಿದ್ದರೆ ಸಾರಿಗೆ ಎರಡು ಸಲ ಬಿದ್ದ ಉಪ್ಪು ತೆಗೆಯಬಹುದಿತ್ತು ಎಂದೆ. “ಅತ್ತೆ, ಹಾಗಾದ್ರೆ ಮಾವ ಆ ಗುಂಡಿ ಮೇಲೇ ಕೂತಿರ್ತಿದ್ರು” ಎಂದಳು.

ಅವಳ ಮೇಜಿನ ಮೇಲೆ ಚನ್ನಪಟ್ಟಣದ ಒಂದು ಮರದ ಬೊಂಬೆ ಇದೆ. ಅರಗಿನ ಬಣ್ಣ ಹಚ್ಚಿದ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹೆಂಗಸು. ಚೆಂದಕ್ಕೆ ಇಟ್ಟಿದ್ದಾಳೆ ಎಂದುಕೊಂಡರೆ ಅಲ್ಲ, ಅದೂ ಹತಾರವೇ! ಬರೆದದ್ದು ಎಲ್ಲೋ ಕೈಕೊಟ್ಟು, ಎಲ್ಲಿ ಎಂದು ಗೊತ್ತಾಗದಿದ್ದಾಗ ಅವಳು ಆ ಬೊಂಬೆಗೆ ಮೊದಲಿನಿಂದ ಒಂದೊಂದೇ ಸಾಲನ್ನು ವಿವರಿಸಿ ಹೇಳುತ್ತಾಳೆ. ಹೇಳುತ್ತಾ ಹೇಳುತ್ತಾ ನಡುವೆ ಎಲ್ಲೋ ತಾನೇ ‘ಓ’ ಎಂದು ನಿಲ್ಲಿಸುತ್ತಾಳೆ. 1999ರಲ್ಲಿ ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಎಂಬ ಇಬ್ಬರು ಈ ಕಸುಬಿನವರಿಗಾಗಿ ಬರೆದ ಪುಸ್ತಕದಿಂದ ಈ ಉಪಾಯ ಹಬ್ಬಿತಂತೆ. ಅವರು ಹೇಳಿದ್ದು ರಬ್ಬರಿನ ಬಾತುಕೋಳಿ. ನಮಗೆ ಮೇಷ್ಟರುಗಳಿಗೆ ಇದು ಪುಸ್ತಕವಿಲ್ಲದೆ ಗೊತ್ತು. ಸಂಧಿ ಸಮಾಸಗಳು ನನಗೆ ನಿಜವಾಗಿ ತಿಳಿದದ್ದು ಬಿ.ಎ. ಓದುವಾಗಲ್ಲ, ಎಂಟನೇ ತರಗತಿಯ ಮಕ್ಕಳ ಮುಂದೆ ನಿಂತಾಗ.

ಈ ತೊಡಕಿಗೆ ಅವರು ‘ಬಗ್’ ಎನ್ನುತ್ತಾರೆ, ಅಂದರೆ ಹುಳ. ಯಂತ್ರದ ದೋಷಕ್ಕೆ ಎಡಿಸನ್ 1878ರಲ್ಲೇ ಈ ಮಾತು ಬಳಸಿದ್ದ. 1947ರ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್‌ನ ದೊಡ್ಡ ಲೆಕ್ಕದ ಯಂತ್ರವೊಂದು ನಿಂತುಹೋದಾಗ ಒಳಗೆ ನೋಡಿದರೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಗ್ರೇಸ್ ಹಾಪರ್ ಎಂಬ ಹೆಣ್ಣುಮಗಳೂ ಇದ್ದ ಆ ತಂಡದವರು ಅದನ್ನು ಕೆಲಸದ ದಿನಚರಿಯ ಪುಸ್ತಕಕ್ಕೆ ಅಂಟಿಸಿ ಷರಾ ಬರೆದಿಟ್ಟರು. ಆ ಪುಟ ಈಗಲೂ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿದೆ. ಮುಂಗಾರು ಶುರುವಾದ ಸಂಜೆ ನಮ್ಮ ಮನೆಯ ಎರಡು ಸ್ಕ್ರೀನುಗಳ ಮೇಲೆ ಮುತ್ತುವ ರೆಕ್ಕೆಹುಳಗಳನ್ನು ಅಂಟಿಸುತ್ತಾ ಹೋದರೆ ವಸ್ತುಸಂಗ್ರಹಾಲಯವನ್ನೇ ಕಟ್ಟಿಸಬೇಕಾದೀತು.

ಇನ್ನೊಂದು ಹತಾರದ ಹೆಸರು ಗಿಟ್. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬಾತ ಮಾಡಿದ್ದು. ಯಾರು, ಯಾವ ದಿನ, ಯಾವ ಸಾಲು ಬದಲಾಯಿಸಿದರು, ಏಕೆ ಬದಲಾಯಿಸಿದರು ಎಂಬುದನ್ನೆಲ್ಲ ಅದು ಮರೆಯದೆ ಇಟ್ಟುಕೊಳ್ಳುತ್ತದೆ. ಬೇಕೆಂದಾಗ ಹಳೆಯ ಸ್ಥಿತಿಗೆ ಹಿಂದಿರುಗಬಹುದು. ನಮ್ಮ ಅಮ್ಮನ ಉಪ್ಪಿನಕಾಯಿ ಪುಸ್ತಕ ಹೀಗೇ ಇತ್ತು. ಮೂಲ ಅಳತೆ ಮಸಿಯಲ್ಲಿ, ಅದರ ಪಕ್ಕ ಪೆನ್ಸಿಲಿನಲ್ಲಿ ‘ಈ ವರ್ಷ ಸಾಸಿವೆ ಕಮ್ಮಿ, ಕಹಿಯಾಗಿತ್ತು’ ಎಂದು. ಸೊಸೆ ತನ್ನ ಗಿಟ್‌ನ ಒಂದು ಪುಟ ತೋರಿಸಿದಳು. ವರ್ಷದ ಒಂದೊಂದು ದಿನಕ್ಕೂ ಒಂದೊಂದು ಪುಟ್ಟ ಚೌಕ. ಕೆಲಸ ಮಾಡಿದ ದಿನ ಹಸಿರು, ಹೆಚ್ಚು ಮಾಡಿದಷ್ಟೂ ಗಾಢ ಹಸಿರು. ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಅಜ್ಜಿ ಈ ಮನೆಗೆ ಬಂದು ಅರವತ್ತಕ್ಕೂ ಹೆಚ್ಚು ವರ್ಷವಾಯಿತು. ಅವರು ಬೆಳಗಿನ ಜಾವ ಎದ್ದು ಒಲೆ ಹಚ್ಚಿದ ದಿನಗಳಿಗೆಲ್ಲ ಒಂದೊಂದು ಚೌಕ ಬರೆದಿದ್ದರೆ ನಮ್ಮ ಮನೆಯ ಗೋಡೆ ಸಾಲುತ್ತಿರಲಿಲ್ಲ. ಒಂದೇ ಒಂದು ಚೌಕವೂ ಎಲ್ಲೂ ಇಲ್ಲ.

ಇನ್ನು ಹೊತ್ತನ್ನು ಹಿಡಿಯುವ ಹತಾರಗಳು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬಾತ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಓದಲು ಮನಸ್ಸು ನಿಲ್ಲುತ್ತಿಲ್ಲವೆಂದು ಅಡುಗೆಮನೆಯ ಟೊಮೇಟೊ ಆಕಾರದ ಗಡಿಯಾರವನ್ನು ಮುಂದಿಟ್ಟುಕೊಂಡ. ಅದು ಟ್ರಿಣ್ ಎನ್ನುವವರೆಗೆ ಒಂದೇ ಕೆಲಸ, ಆಮೇಲೆ ಐದು ನಿಮಿಷ ಬಿಡುವು. ಇಪ್ಪತ್ತೈದು ನಿಮಿಷದ ಈ ಲೆಕ್ಕ ಈಗ ಲೋಕಕ್ಕೆಲ್ಲ ಹಬ್ಬಿದೆ. ಸೊಸೆಯ ಹತ್ತಿರವೂ ಅಂಥದ್ದೊಂದು ಗಡಿಯಾರ ಇದೆ. ನನಗೆ ಬಲು ಹಿಡಿಸಿತು. ರೈಲು ಕಂಬಿಯ ತುಂಡನ್ನು ಬಡಿದು ಪೀರಿಯಡ್ಡು ಮುಗಿಸುವ ಶಾಲೆಯಲ್ಲಿ ಆಯುಷ್ಯ ಕಳೆದವಳಲ್ಲವೇ ನಾನು! ಸರಿ, ಒಂದು ಭಾನುವಾರ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ಗಡಿಯಾರ ತಿರುಗಿಸಿದೆ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ನಡೆದದ್ದನ್ನೆಲ್ಲ ಬರೆಯುತ್ತಾ ಹೋದೆ. ಮೂರನೇ ನಿಮಿಷಕ್ಕೆ ಹಾಲಿನವನು. ಏಳಕ್ಕೆ ಇವರು, ‘ನನ್ನ ಕನ್ನಡಕ ನೋಡಿದ್ಯಾ?’ ಹನ್ನೊಂದಕ್ಕೆ ಕುಕ್ಕರಿನ ಕೂಗು. ಹದಿನೈದಕ್ಕೆ ಅಜ್ಜಿಯ ಮಾತ್ರೆ. ಹದಿನೆಂಟಕ್ಕೆ ತೋಟದ ಆಳಿಗೆ ಚಿಲ್ಲರೆ. ಇಪ್ಪತ್ತೆರಡಕ್ಕೆ ಮತ್ತೆ ಇವರು, ‘ಕನ್ನಡಕ ಸಿಕ್ಕಿತು.’ ತಿದ್ದಿದ ಪತ್ರಿಕೆ ಎರಡು. ಗಡಿಯಾರದ ಕೆಲಸದಲ್ಲಿ ಏನೂ ಲೋಪವಿರಲಿಲ್ಲ.

ಫೋನಿನ ಕಾಟಕ್ಕೆ ಸೊಸೆ ಬೇರೆ ಉಪಾಯ ಮಾಡಿದ್ದಳು. ಕೆಲಸದ ಹೊತ್ತಿನಲ್ಲಿ ಅವಳ ಫೋನು ಮೂಕ. ಎರಡಕ್ಕೆ ಮಾತ್ರ ಸದ್ದು. ಒಂದು, ಆನೆ ಎಲ್ಲಿದೆ ಎಂದು ತಿಳಿಸುವ ಸಂದೇಶ. ಸಕಲೇಶಪುರ, ಆಲೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2014ರಲ್ಲಿ ಇಪ್ಪತ್ತೆರಡು ಆನೆಗಳನ್ನು ಈ ಭಾಗದಿಂದ ಹಿಡಿದು ಸಾಗಿಸಿದ ಮೇಲೂ ಅವು ನಮ್ಮ ತೋಟಗಳನ್ನು ಬಿಟ್ಟಿಲ್ಲ. ಇನ್ನೊಂದು, ನನ್ನ ಕರೆ. “ಆನೆ, ಅತ್ತೆ ಇಬ್ಬರೇ” ಎಂದು ಮಗ ಹಾಸ್ಯ ಮಾಡಿದ. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಕೊನೆಗೆ ಆ ಹೆಡ್‌ಫೋನಿಗೆ ಬರುತ್ತೇನೆ. ಸುತ್ತಲ ಸದ್ದನ್ನು ಅಳೆದು, ಅದಕ್ಕೆ ಸರಿಯಾಗಿ ತಿರುಗುಮುರುಗಾದ ಇನ್ನೊಂದು ಸದ್ದನ್ನು ಹುಟ್ಟಿಸಿ, ಎರಡೂ ಒಂದನ್ನೊಂದು ಹೊಡೆದುಹಾಕುವಂತೆ ಮಾಡುವ ಯಂತ್ರ ಅದು. ಹಾಕಿಕೊಂಡು ನೋಡಿದೆ. ಪಲ್ಪರ್ ಮೋಟಾರಿನ ಸದ್ದು ಹೋಗಿ ಹತ್ತಿಯೊಳಗೆ ಕುಳಿತ ಹಾಗಾಯಿತು. ಬೆಲೆ ಇಪ್ಪತ್ತು ಸಾವಿರಕ್ಕೂ ಮೇಲೆ. ಮಗನದೂ ಸೊಸೆಯದೂ ಒಂದೇ ಕಂಪನಿಯ ಒಂದೇ ನಮೂನೆ, ಬಣ್ಣವೂ ಒಂದೇ. ಆದರೆ ನಮ್ಮ ಮನೆಯಲ್ಲಿ ಅವು ಒಂದೇ ಥರ ಕೆಲಸ ಮಾಡುತ್ತಿರಲಿಲ್ಲ.

ಮಗ ಅದನ್ನು ಹಾಕಿಕೊಂಡರೆ “ಪಾಪ, ಮಗು ಕೆಲಸದಲ್ಲಿದೆ, ಮೆಲ್ಲಗೆ ಮಾತಾಡಿ” ಎನ್ನುತ್ತಿದ್ದರು. ಸೊಸೆ ಹಾಕಿಕೊಂಡರೆ, ಮೊದಮೊದಲು ಅಜ್ಜಿಗೆ ಸಂಶಯ, “ಈ ಹುಡುಗಿಗೆ ಕಿವಿ ಮಂದವೇನೆ?” ಎಂದು. ಆಮೇಲೆ ಬಂದುಹೋಗುವವರ ಮಾತು: “ಕರೆದ್ರೂ ಕೇಳದ ಹಂಗೆ ಕೂತಿರ್ತಾಳಲ್ಲ.” ಯಾರೂ ಕೆಟ್ಟವರಲ್ಲ. ಊಟದ ಮೇಜು ಎಂದರೆ ಮನೆಯ ನಾಲ್ಕು ದಾರಿ ಕೂಡುವ ಜಾಗ. ಅಲ್ಲಿ ಕುಳಿತ ಹೆಣ್ಣು ಕೈಗೆ ಸಿಗುವ ಹೆಣ್ಣು ಎಂದೇ ಎಲ್ಲರ ಲೆಕ್ಕ.

2021ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಇವರ ಸೋದರತ್ತೆ ಗೃಹಪ್ರವೇಶಕ್ಕೆ ಕರೆಯಲು ಬಂದರು. ಸೊಸೆ ಆಗ ಹನ್ನೊಂದು ಜನರಿಗೆ ತನ್ನ ಆರು ತಿಂಗಳ ಕೆಲಸವನ್ನು ಸ್ಕ್ರೀನಿನಲ್ಲಿ ತೋರಿಸಿ ವಿವರಿಸುತ್ತಿದ್ದಳು. ನಾನು ಅಡುಗೆಮನೆಯಿಂದ ಕಾಫಿಯ ತಟ್ಟೆ ಹಿಡಿದು ಬರುವಷ್ಟರಲ್ಲಿ ಆಯಮ್ಮ ಸೊಸೆಯ ಹಿಂದೆ ಹೋಗಿ ನಿಂತು, ಒಂದು ಕಿವಿಯ ಹೆಡ್‌ಫೋನನ್ನು ಎತ್ತಿ, “ಅರಿಶಿನ ಕುಂಕುಮ ತಗೊಳವ್ವ, ಎಷ್ಟೊತ್ತು ನಿಲ್ಲಿಸ್ತೀಯ?” ಎಂದು ಹಣೆಗೆ ಇಟ್ಟೇಬಿಟ್ಟರು. ಹನ್ನೊಂದು ಜನ ನೋಡಿದರು. ಯಾರೋ ಆ ಕಡೆಯಿಂದ ನಕ್ಕ ಸದ್ದು ಕೇಳಿಸಿತು. ಸೊಸೆ ನಗುತ್ತಲೇ ಕುಂಕುಮ ತೆಗೆದುಕೊಂಡು, ಕ್ಯಾಮೆರಾದ ಕಡೆ ತಿರುಗಿ ಬಿಟ್ಟ ಮಾತನ್ನು ಮುಂದುವರಿಸಿದಳು. ಮಹಡಿಯ ಬಾಗಿಲು ಮುಚ್ಚಿತ್ತು. ಅಲ್ಲಿಗೆ ಯಾರೂ ಹೋಗಲಿಲ್ಲ.

ರಾತ್ರಿ ಪಾತ್ರೆ ಒರೆಸುವಾಗ ಅವಳು ಹೇಳಿದಳು. ಕಂಪನಿಯಲ್ಲಿ ಒಂಬತ್ತು ಜನರ ತಂಡಕ್ಕೆ ಅವಳನ್ನು ಮುಖ್ಯಸ್ಥೆ ಮಾಡುತ್ತೇವೆ ಎಂದಿದ್ದಾರಂತೆ. ಬೇಡ ಎಂದು ಬರೆದುಬಿಡುವುದು ಎಂದು ಯೋಚಿಸಿದ್ದಳು. “ಕೆಲಸ ಕಷ್ಟ ಅಂತಲ್ಲ ಅತ್ತೆ. ಇವರ ಹತ್ರ ಇರೋ ಹೊತ್ತು ನೋಟಿನ ಥರ. ನನ್ನ ಹತ್ರ ಇರೋದೆಲ್ಲ ಚಿಲ್ಲರೆ. ಎರಡನ್ನೂ ಕೂಡಿದ್ರೆ ಮೊತ್ತ ಒಂದೇ ಇರಬಹುದು. ಆದ್ರೆ ಅಷ್ಟು ದೊಡ್ಡ ಕೆಲಸವನ್ನ ಚಿಲ್ಲರೆ ಹೊತ್ತಲ್ಲಿ ಮಾಡಕ್ಕಾಗಲ್ಲ.” ಅಳಲಿಲ್ಲ, ದನಿ ಏರಿಸಲಿಲ್ಲ. ಲೆಕ್ಕ ಹೇಳುವ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಣ್ಣಿನ ಹೊತ್ತು ಉಳಿಸುವ ಯಂತ್ರಗಳು ಈ ಮನೆಗೆ ಬಂದದ್ದು ಇದೇ ಮೊದಲಲ್ಲ. ನಾನು ಮದುವೆಯಾಗಿ ಬಂದಾಗ ಒರಳುಕಲ್ಲಿತ್ತು, ದೋಸೆ ವಾರಕ್ಕೊಂದು ದಿನ. ಗ್ರೈಂಡರು ಬಂತು, ದೋಸೆ ವಾರಕ್ಕೆ ಮೂರು ದಿನವಾಯಿತು. ವಾಷಿಂಗ್ ಮೆಷೀನು ಬಂತು, ಎರಡು ದಿನ ಉಡುತ್ತಿದ್ದ ಅಂಗಿ ಒಂದೇ ದಿನಕ್ಕೆ ಬುಟ್ಟಿಗೆ ಬಿತ್ತು. ಅಮೆರಿಕದ ರೂತ್ ಶ್ವಾರ್ಟ್ಜ್ ಕೊವಾನ್ ಎಂಬ ಇತಿಹಾಸಕಾರ್ತಿ 1983ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದರು. ಅಲ್ಲಿನ ಮನೆಗಳಿಗೆ ಯಂತ್ರಗಳು ಬಂದ ಮೇಲೆ ಮೈ ದಣಿವು ಇಳಿಯಿತು, ಆದರೆ ಗೃಹಿಣಿಯ ಕೆಲಸದ ಹೊತ್ತು ಇಳಿಯಲಿಲ್ಲ. ಮನೆಯವರ ಅಪೇಕ್ಷೆ ಏರಿತು, ಗಂಡಸರು ಮಕ್ಕಳು ಮಾಡುತ್ತಿದ್ದ ಪಾಲೂ ಅವಳಿಗೇ ಬಂತು ಎಂದು ಅವರು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರವೇ 2024ರಲ್ಲಿ ಜನರ ಹೊತ್ತಿನ ಲೆಕ್ಕ ತೆಗೆಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾಳೆ. ಗಂಡಸು 88 ನಿಮಿಷ. 2019ರ ಲೆಕ್ಕದಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸಿಗೆ ಹತ್ತು ನಿಮಿಷ ಉಳಿಯಿತು, ಗಂಡಸಿಗೆ ಒಂಬತ್ತು. ನಡುವಿನ ಅಂತರ ಇದ್ದಲ್ಲೇ ಇದೆ. ಹಾಗಾದರೆ ಹತಾರ ಹೊತ್ತನ್ನು ಉಳಿಸುವುದು ನಿಜ. ಉಳಿದ ಹೊತ್ತು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮಾತ್ರ ಹತಾರ ತೀರ್ಮಾನಿಸುವುದಿಲ್ಲ. ಅದನ್ನು ಮನೆ ತೀರ್ಮಾನಿಸುತ್ತದೆ.

ಬೆಳಿಗ್ಗೆ ಸೊಸೆಯನ್ನು ಕೇಳಿದೆ, “ನಿನಗೆ ಇನ್ನೊಂದು ಹತಾರ ಕೊಡಿಸ್ತೀನಿ ಅಂದ್ರೆ ಏನು ಕೇಳ್ತೀಯ?” ಅವಳು ತಕ್ಷಣ ಹೇಳಿದಳು, “ಒಳಗಿಂದ ಚಿಲಕ ಹಾಕೋ ಬಾಗಿಲು ಅತ್ತೆ.”

ನಮ್ಮ ಕಾಫಿ ಗೋದಾಮಿನ ಪಕ್ಕದಲ್ಲಿ ಮೆಣಸಿನ ಮೂಟೆ ಇಡುವ ಒಂದು ಸಣ್ಣ ಕೋಣೆ ಇದೆ. ಮೂಟೆಗಳನ್ನು ಮಹಡಿಯ ಮೆಟ್ಟಿಲ ಕೆಳಗೆ ಸಾಗಿಸಿದೆವು. ಇವರು “ಮೆಣಸಿಗೆ ಶೀತ ಹಿಡಿದ್ರೆ?” ಎಂದರು. “ಮೆಣಸಿಗೆ ಬಿಸಿಲು ತೋರಿಸಬಹುದು” ಎಂದೆ. ಬಡಗಿ ಬಂದು ಬಾಗಿಲು ಸರಿಮಾಡಿ, ಕಿಟಕಿಗೆ ಗಾಜು ಹಾಕಿ, ಗೋಡೆಗೆ ಹಲಗೆಯ ಮೇಜು ಹೊಡೆದು, ಒಳಗಿನಿಂದ ಒಂದು ಚಿಲಕ ಜಡಿದ. ಮಗ ಫೈಬರಿನ ವೈರನ್ನು ಅಲ್ಲಿಯವರೆಗೆ ಎಳೆದುಕೊಟ್ಟ.

ಹೊರಗೆ ಒಂದು ಸ್ಲೇಟು ತೂಗುಹಾಕಿದೆ. ಇದು ನನ್ನ ಕಸುಬಿನ ಹತಾರ. ಸೊಸೆಯ ಫೋನಿನಲ್ಲಿ ಬಣ್ಣಬಣ್ಣದ ವೇಳಾಪಟ್ಟಿ ಇತ್ತು, ನಿಜ. ಆದರೆ ಅದು ಅವಳಿಗೆ ಕಾಣುತ್ತದೆ, ಅಜ್ಜಿಗೆ ಕಾಣುವುದಿಲ್ಲ. 1981ರಲ್ಲಿ ನಮ್ಮ ‘ಆಪಲ್’ ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹದ ವಾಹನ ಅಡ್ಡಿಯಾಗುತ್ತದೆಂದು ಬೆಂಗಳೂರಿನ ವಿಜ್ಞಾನಿಗಳು ಎತ್ತಿನ ಗಾಡಿಯ ಮೇಲೆ ಅದನ್ನು ಇಟ್ಟುಕೊಂಡು ಹೋದದ್ದು ಗೊತ್ತಲ್ಲ, ಆ ಚಿತ್ರವನ್ನು ಮಕ್ಕಳಿಗೆ ತೋರಿಸುತ್ತಿರುತ್ತೇನೆ. ಕೆಲಸಕ್ಕೆ ಒದಗುವುದೇ ಹತಾರ, ಹಳೆಯದಾದರೇನು? ಅಜ್ಜಿಗೆ ಓದು ಬರಹ ಬಾರದು. ಅದಕ್ಕೆ ಕೆಂಪು ಸೀಮೆಸುಣ್ಣದಲ್ಲಿ ಒಂದು ಗುಂಡು ಬರೆದರೆ ಒಳಗೆ ಪಾಠ ನಡೆಯುತ್ತಿದೆ, ಹಸಿರು ಬರೆದರೆ ಬಿಡುವು ಎಂದು ಹೇಳಿಕೊಟ್ಟೆವು. ಗೋಡೆಯ ಪೆಟ್ಟಿಗೆಯ ದೀಪ ನೋಡಿ ಪಳಗಿದ್ದ ಅವರಿಗೆ ಇದೇನು ಮಹಾ! ಮಾರನೆಯ ದಿನವೇ ಮಣೆ ತಂದು ಬಾಗಿಲ ಪಕ್ಕದಲ್ಲಿ ಕುಳಿತು ಅಡಿಕೆ ಹೋಳು ಮಾಡತೊಡಗಿದರು. ಯಾರು ಬಂದರೂ ಅಡಕತ್ತರಿ ಎತ್ತಿ ಹಿಡಿದು, “ಶ್! ಒಳಗೆ ಇಸ್ಕೂಲು ನಡೀತಿದೆ. ಕೆಂಪು ಕಾಣಲ್ವಾ?” ಎನ್ನುತ್ತಿದ್ದರು. ಅಷ್ಟು ದುಬಾರಿ ಹೆಡ್‌ಫೋನಿನಿಂದ ಆಗದ ಕೆಲಸ ಅವರ ಒಂದು ‘ಶ್’ನಿಂದ ಆಯಿತು.

ಇದಿಷ್ಟರಿಂದ ಮುಗಿಯಲಿಲ್ಲ, ಮುಗಿಯುವುದೂ ಇಲ್ಲ. ಬಾಗಿಲೊಳಗೆ ಒಬ್ಬಳು ಹೋದರೆ ಅವಳ ಪಾಲಿನ ಕೆಲಸ ಹೊರಗೆ ಉಳಿಯುತ್ತದೆ. ಅದು ಪೂರಾ ನನ್ನ ತಲೆಯ ಮೇಲೆ ಬಿದ್ದರೆ ಉಪಯೋಗವೇನು? ಹಾಗಾಗಿ ಶಾಲೆಯಲ್ಲಿ ಮಾಡುವಂತೆ ಮನೆಗೂ ಒಂದು ವೇಳಾಪಟ್ಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಬಂದವರಿಗೆ ಕಾಫಿ: ಬೆಳಿಗ್ಗೆ ಮಗ, ಮಧ್ಯಾಹ್ನ ಇವರು. ಸಂಜೆಯ ಪಾತ್ರೆ: ದಿನ ಬಿಟ್ಟು ದಿನ ಮಗ, ಸೊಸೆ. ಅಜ್ಜಿಯ ಮಾತ್ರೆ: ಇವರು. ಆರು ಎಕರೆ ಕಾಫಿ ಬೆಳೆದು, ಹಣ್ಣು ಕುಯ್ಸಿ, ಪಲ್ಪ್ ಮಾಡಿಸಿ, ಕಣದಲ್ಲಿ ಒಣಗಿಸಿ, ಮೂಸಿ ನೋಡಿಯೇ ಬೀಜದ ಗುಣ ಹೇಳಬಲ್ಲ ನಮ್ಮ ಮನೆಯವರು ಒಂದು ಲೋಟ ಕಾಫಿ ಸೋಸಲು ಕಲಿತದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಮೊದಲ ದಿನ ಡಿಕಾಕ್ಷನ್ ಇಳಿಯಲೇ ಇಲ್ಲ, ಪುಡಿಯನ್ನು ಅಷ್ಟು ಒತ್ತಿದ್ದರು. ಮೂರನೆಯ ವಾರಕ್ಕೆ ಅದೇ ಸೋದರತ್ತೆ ಬಂದಾಗ ಅವರೇ ಕಾಫಿ ತಂದು ಕೊಟ್ಟರು. ಆಯಮ್ಮ ಲೋಟವನ್ನೂ ಅವರ ಮುಖವನ್ನೂ ನೋಡಿ, ಕುಡಿದು, “ಹದವಾಗಿದೆ ಕಣೋ” ಎಂದರು. ಗೋದಾಮಿನ ಕಡೆ ಹೋಗಲು ಎದ್ದವರನ್ನು ಅಡಕತ್ತರಿ ತಡೆಯಿತು.

ಸೊಸೆ ‘ಬೇಡ’ ಎಂದು ಬರೆಯಲಿಲ್ಲ. ಆ ಒಂಬತ್ತು ಜನರ ತಂಡವನ್ನು ವಹಿಸಿಕೊಂಡಳು. ಈಗ ಕಂಪನಿಗಳು ಆಫೀಸಿಗೆ ಬರಲೇಬೇಕೆಂದ ಮೇಲೆ ಇಬ್ಬರೂ ಬೆಂಗಳೂರಿನಲ್ಲಿರುತ್ತಾರೆ, ತಿಂಗಳಿಗೊಂದು ವಾರ ಇಲ್ಲಿಗೆ ಬಂದು ಕೆಲಸ ಮಾಡುತ್ತಾರೆ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲೂ ಅವಳು ಮೊದಲು ಹಾಕಿಸಿದ್ದು ಚಿಲಕವನ್ನೇ ಎಂದು ಮಗ ಹೇಳಿದ. ಪಾತ್ರೆಯ ಸರದಿ ಅಲ್ಲಿಯೂ ನಡೆಯುತ್ತಿದೆಯೇ ಎಂದು ಕೇಳಿದೆ. “ಅಮ್ಮ, ಅದಕ್ಕೂ ಹಸಿರು ಚೌಕ ಹಾಕ್ತಾಳೆ ಅವಳು” ಎಂದ. ಫ್ರಿಜ್ಜಿನ ಬಾಗಿಲಿಗೆ ತಿಂಗಳ ಕ್ಯಾಲೆಂಡರು ಅಂಟಿಸಿ, ಯಾರು ಯಾವ ದಿನ ಏನು ಮಾಡಿದರು ಎಂದು ಇಬ್ಬರೂ ಬಣ್ಣ ತುಂಬುತ್ತಾರಂತೆ.

ಸೊಸೆ ಇಲ್ಲದ ಮೂರು ವಾರ ಮೆಣಸಿನ ಕೋಣೆ ಖಾಲಿ ಇರುತ್ತದೆ. ಭಾನುವಾರ ಬೆಳಿಗ್ಗೆ ನಾನು ಅಲ್ಲಿ ಹೋಗಿ ಕೂರುತ್ತೇನೆ. ಟೊಮೇಟೊ ಗಡಿಯಾರವನ್ನು ಅವಳು ನನಗೇ ಬಿಟ್ಟುಹೋಗಿದ್ದಾಳೆ. ಇಪ್ಪತ್ತೈದು ನಿಮಿಷಕ್ಕೆ ಈಗ ಎಂಟು ಪತ್ರಿಕೆ ತಿದ್ದುತ್ತೇನೆ. ಈ ಬರಹವನ್ನೂ ಅಲ್ಲೇ ಕುಳಿತು ಬರೆದೆ. ಕನ್ನಡಕ ಕಳೆದುಕೊಂಡವರು ಹೊರಗೆ ತಾವೇ ಹುಡುಕಿಕೊಳ್ಳುತ್ತಿರುವುದು ಕೇಳಿಸುತ್ತದೆ.

ನಮ್ಮ ಮನೆಗೆ ಬರುವ ನೆಂಟರು, ಶಾಲೆಯ ಸಹೋದ್ಯೋಗಿಗಳು ಮೊದಲೆಲ್ಲ ಆ ಅಗಲ ಸ್ಕ್ರೀನು, ಹೆಡ್‌ಫೋನುಗಳನ್ನು ಬೆರಗಿನಿಂದ ನೋಡಿ ಬೆಲೆ ಕೇಳುತ್ತಿದ್ದರು. ಈಗ ಹೆಂಗಸರು ಆ ಕೋಣೆಯ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಒಳಗೆ ಹೋಗಿ ಚಿಲಕವನ್ನು ಒಮ್ಮೆ ಸರಿಸಿ ನೋಡುತ್ತಾರೆ. ಮೊನ್ನೆ ನಮ್ಮ ಶಾಲೆಯ ಗಣಿತದ ಮೇಡಂ ಒಳಗೆ ಹೋದವರು ಚಿಲಕ ಹಾಕಿಕೊಂಡು ಎರಡು ನಿಮಿಷ ಸುಮ್ಮನೆ ಇದ್ದು, ಆಮೇಲೆ ತೆಗೆದು ಹೊರಗೆ ಬಂದು ಕೇಳಿದರು, “ಇದನ್ನ ಯಾವ ಅಂಗಡೀಲಿ ತಗೊಂಡ್ರಿ?”

ಸಕಲೇಶಪುರದ ಪೇಟೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಎಂಬತ್ತು ರೂಪಾಯಿ, ಮೊಳೆ ಸೇರಿ.